ಹುಲಿ ಹೌಸಿನ ಬೀಗದಣ್ಣ

ನಮ್ಮ ಶಾಲೆಯ ಸಭಾಂಗಣದಲ್ಲಿ ಆ ದಿನ ಬಿದ್ದ ಮೌನವನ್ನು ಹೇಗೆ ಹೇಳಿದರೂ ಕಡಿಮೆಯೇ. ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟುವುದನ್ನು ಅರ್ಧಕ್ಕೆ ನಿಲ್ಲಿಸಿತು. ತಲೆಯ ಮೇಲಿನ ಫ್ಯಾನುಗಳು ತಾವಾಗಿ ನಿಧಾನವಾದವು. ಕರೆಂಟು ಹೋಗಿತ್ತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಊರಿನ ಅರ್ಧ ಜನ ಅಲ್ಲಿ ಕೂತಿದ್ದೆವು. ಎಲ್ಲರ ಬಾಯಿಯೂ ತೆರೆದಿತ್ತು, ಒಬ್ಬರ ಬಾಯಿಂದಲೂ ಮಾತು ಹೊರಡಲಿಲ್ಲ. ವೇದಿಕೆಯ ಮೇಲೆ ಬೀಗದಣ್ಣನೊಬ್ಬನೇ ನಗುತ್ತ ನಿಂತಿದ್ದ. ಊರಿಗೆಲ್ಲ ಕಂಡದ್ದು ಅವನಿಗೆ ಮಾತ್ರ ಕಂಡಿರಲಿಲ್ಲ.

ಅವನ ಕಥೆ ಅರ್ಥವಾಗಬೇಕಾದರೆ ಮೊದಲು ಶಾಲೆಯ ವಿಷಯ ಹೇಳಬೇಕು. ನಮ್ಮ ಶಾಲೆಯಲ್ಲಿ ಮೂರು ಹೌಸುಗಳು. ಹುಲಿ ಹೌಸಿಗೆ ಕೆಂಪು ಬಣ್ಣ, ಮೊಸಳೆ ಹೌಸಿಗೆ ಹಸಿರು, ಕೊಕ್ಕರೆ ಹೌಸಿಗೆ ಬಿಳಿ. ಬೇರೆ ಕಡೆ ಹೌಸು ಎನ್ನುವುದು ಆಟದ ಬಯಲಿನ ಮಾತು, ಗಂಟೆ ಹೊಡೆದ ಮೇಲೆ ಯಾರಿಗೂ ನೆನಪಿರುವುದಿಲ್ಲ. ನಮ್ಮಲ್ಲಿ ಶಾಲೆ ಬಿಟ್ಟರೂ ಹೌಸು ಬಿಡುವುದಿಲ್ಲ. ಮದುವೆ ಮಾತಿಗೆ ಹೋದವರು ಹುಡುಗ ಏನು ಕೆಲಸ ಮಾಡುತ್ತಾನೆ ಎಂದು ಕೇಳುವುದಕ್ಕೆ ಮೊದಲು ಯಾವ ಹೌಸು ಎಂದು ಕೇಳುತ್ತಾರೆ. ಹುಲಿಯವರು ಮೊಸಳೆಯವರ ಅಂಗಡಿಯಲ್ಲಿ ಬ್ರೆಡ್ಡು ಕೊಂಡರೆ ಬೇರೆ ಕಾಗದದಲ್ಲಿ ಸುತ್ತಿಕೊಂಡು ಮನೆಗೆ ಬರುತ್ತಾರೆ. ಹುಲಿಗಳದ್ದು ಆಸೆಯ ಹೌಸು. 'ಮುಂದೆ ಹುಲಿ, ಹಿಂದೆ ಉಳಿದವರು' ಎನ್ನುವುದು ಅವರ ಘೋಷಣೆ. ಮೊಸಳೆಗಳದ್ದು 'ಹಿಡಿದದ್ದು ಬಿಡೆವು'. ನಾನು ಕೊಕ್ಕರೆ. ನಮಗೆ ಘೋಷಣೆ ಇತ್ತು, ಯಾರಿಗೂ ಬಾಯಿಪಾಠವಾಗಲಿಲ್ಲ. ನಾವು ಗೆದ್ದ ಒಂದೇ ಒಂದು ಬಹುಮಾನದ ಕಪ್ಪು ಶಿಸ್ತಿನದು. ಅಂದರೆ, ಸೋತ ಮೇಲೆ ಅಳದೆ ಸಾಲಾಗಿ ಮನೆಗೆ ಹೋದದ್ದಕ್ಕೆ ಕೊಟ್ಟದ್ದು.

ಯಾರು ಯಾವ ಹೌಸು ಎಂಬುದು ಶಾಲೆಗೆ ಸೇರಿದ ಮೊದಲ ದಿನವೇ ತೀರ್ಮಾನ. ಕಿರಿದಾದ ಬಾಯಿಯ ಒಂದು ಹಳೆಯ ಮಡಕೆ ಇದೆ. ಮಗು ಅದರೊಳಗೆ ಕೈಹಾಕಿ ಒಂದು ಗಾಜಿನ ಮಣಿ ತೆಗೆಯಬೇಕು. ಮುಷ್ಟಿಯ ಸಂದಿಯಲ್ಲಿ ಇಣುಕಿ ತಾನೊಬ್ಬನೇ ಬಣ್ಣ ನೋಡಿಕೊಳ್ಳಬೇಕು. ಇನ್ನೊಬ್ಬರಿಗೆ ತೋರಿಸಿದರೆ ಅದೃಷ್ಟ ಸೋರಿಹೋಗುತ್ತದೆಂದು ನಂಬಿಕೆ. ಆಮೇಲೆ ಅದನ್ನು ಒಂದು ಪುಟ್ಟ ಬಟ್ಟೆಯ ಚೀಲದೊಳಕ್ಕೆ ತಾನೇ ಹಾಕಬೇಕು. ಟೀಚರು ಕಣ್ಣು ಮುಚ್ಚಿಕೊಂಡು ಚೀಲದ ಬಾಯಿ ಹೊಲಿಯುತ್ತಾರೆ. ಆ ದಿನ ನಮ್ಮೂರಿನ ಆಸ್ಪತ್ರೆಯಲ್ಲಿ ಟೀಚರುಗಳ ಬೆರಳಿಗೆ ಪಟ್ಟಿ ಕಟ್ಟುವುದೇ ಕೆಲಸ. ಹೊಲಿದ ಚೀಲ ಹಿಡಿದು ಮಗು ಬಯಲಿಗೆ ಓಡಿ ತನ್ನ ಬಣ್ಣದ ಬಾವುಟದ ಕೆಳಗೆ ನಿಲ್ಲಬೇಕು. ಬಾವುಟದಲ್ಲಿ ಪ್ರಾಣಿಯ ಚಿತ್ರವೇನೂ ಇಲ್ಲ, ಬರೀ ಬಣ್ಣದ ಬಟ್ಟೆ. ಹಿಂದೊಮ್ಮೆ ಹುಲಿಯ ಚಿತ್ರ ಬರೆಸಿದ್ದರಂತೆ, ಅದನ್ನು ನೋಡಿ ಬೀದಿಯ ಬೆಕ್ಕುಗಳೆಲ್ಲ ನೆಂಟರು ಬಂದರೆಂದು ಬಯಲಲ್ಲಿ ಸೇರಿದ ಮೇಲೆ ಅಳಿಸಿಬಿಟ್ಟರು.

ಮಣಿಗೂ ಬಾವುಟಕ್ಕೂ ತಾಳೆಯಿದೆಯೇ ಎಂದು ಯಾರೂ ನೋಡುವುದಿಲ್ಲ. ಆರು ವರ್ಷದ ಮಗು ಸುಳ್ಳು ಹೇಳೀತೇ, ಬಣ್ಣ ತಪ್ಪೀತೇ. ಆ ಚೀಲವನ್ನು ಮತ್ತೆ ಬಿಚ್ಚುವುದು ಒಂದೇ ಸಂದರ್ಭದಲ್ಲಿ. ಹೌಸಿನ ಹಿರಿಯನಾಗಿ ಆರಿಸಿಬಂದವನು ಊರೆದುರು ಚೀಲ ಬಿಚ್ಚಿ, ಮಣಿ ತೋರಿಸಿ, ಅದನ್ನು ಮಡಕೆಗೆ ಹಿಂತಿರುಗಿಸಿ, ಎತ್ತರದ ಬೆನ್ನಿನ ಕುರ್ಚಿಯಲ್ಲಿ ಕೂರುತ್ತಾನೆ. ಉಳಿದವರು ಚೀಲವನ್ನು ಕೊರಳಲ್ಲೋ ಜೇಬಲ್ಲೋ ಇಟ್ಟುಕೊಂಡೇ ಬಾಳುತ್ತಾರೆ, ಅದು ಅವರೊಂದಿಗೇ ಮಣ್ಣಿಗೆ ಹೋಗುತ್ತದೆ.

ಬೀಗದಣ್ಣನಿಗೆ ಎಂಟನೆಯ ವಯಸ್ಸಿಗೇ ಆ ಕುರ್ಚಿಯ ಮೇಲೆ ಕಣ್ಣುಬಿತ್ತು. ಅವನ ಅಪ್ಪ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದವನು. ಆ ಮನೆಯಲ್ಲಿ ಯಾರೂ ಯಾವುದರಲ್ಲೂ ಮುಂದಿದ್ದದ್ದಿಲ್ಲ. ಹುಲಿ ಹೌಸಿನ ಕೆಂಪು ಪಟ್ಟಿಯನ್ನು ಅಂಗಿಗೆ ಚುಚ್ಚಿಕೊಂಡ ದಿನದಿಂದ ಹುಡುಗ ಬದಲಾದ. ಓಟದಲ್ಲಿ ಮುಂದು, ಲೆಕ್ಕದಲ್ಲಿ ಮುಂದು, ಏಟು ತಿನ್ನುವುದರಲ್ಲೂ ಮುಂದು. ದೊಡ್ಡವನಾಗಿ ಬೀಗ ರಿಪೇರಿ ಕಲಿತ, ಡೂಪ್ಲಿಕೇಟ್ ಕೀಲಿಕೈ ಮಾಡುವ ಅಂಗಡಿ ಹಾಕಿದ. ಅಂಗಡಿ ಎಂದರೆ ಎರಡು ಕಟ್ಟಡಗಳ ನಡುವೆ ಗಾರೆಯವನು ಮರೆತುಬಿಟ್ಟ ಸಂದು. ಹೊಟ್ಟೆಯಿರುವ ಗಿರಾಕಿ ಒಳಗೆ ಬಂದರೆ ಹಿಂದಕ್ಕೆ ನಡೆದೇ ಹೊರಗೆ ಹೋಗಬೇಕು. ಗೋಡೆಯ ತುಂಬ ಕೀಲಿಕೈ ಮಾಡುವ ಪಟ್ಟಿಗಳು, ಮೂಲೆಯಲ್ಲಿ ಉಜ್ಜುವ ಅರ, ಕಾಲ ಬಳಿ ಹಿತ್ತಾಳೆಯ ಪುಡಿ. ಹುಲಿಗಳ ಬೀಗ ಕೆಟ್ಟಿತೆಂದರೆ ಊಟ ಬಿಟ್ಟು ಓಡುತ್ತಿದ್ದ. ಮೊಸಳೆಗಳ ಬೀಗ ಕೆಟ್ಟರೆ ಊಟ ಮುಗಿಸಿ, ಕೈ ಒರೆಸಿಕೊಂಡು, ಒಂದು ನಿದ್ದೆ ತೆಗೆದು ಹೋಗುತ್ತಿದ್ದ.

ಊರಿನ ಹುಲಿಗಳೆಲ್ಲರ ಮುಖ, ಹೆಸರು, ಯಾರ ಮಗ, ಯಾರ ಸೊಸೆ, ಯಾರಿಗೆ ಮಂಡಿನೋವು, ಎಲ್ಲ ಅವನಿಗೆ ಬಾಯಿಪಾಠ. ಪ್ರತಿ ವರ್ಷದ ಕ್ರೀಡಾಕೂಟದಲ್ಲಿ ಹಳೆಯ ವಿದ್ಯಾರ್ಥಿಗಳ ಹಗ್ಗಜಗ್ಗಾಟ ನಡೆಯುತ್ತದೆ, ಹೌಸಿನ ಕಪ್ಪು ಅದರ ಮೇಲೇ ನಿಂತಿರುತ್ತದೆ. ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ಎಲ್ಲರ ಹಿಂದೆ ನಿಲ್ಲುವವನು ಇವನು. ಇವನು ಹಿಮ್ಮಡಿ ಊರಿದನೆಂದರೆ ಭೂಮಿ ಬೇಕಾದರೆ ಸರಿಯಬೇಕು, ಇವನು ಸರಿಯುವುದಿಲ್ಲ. ಇವನ ಹಿಮ್ಮಡಿಯ ಗುಂಡಿಯಲ್ಲಿ ನೀರು ಬಂದಿತೆಂದೂ ಅದನ್ನೇ ಈಗ ಶಾಲೆಯವರು ಬಾವಿ ಮಾಡಿಕೊಂಡಿದ್ದಾರೆಂದೂ ನಾನೇ ಹಬ್ಬಿಸಿದ್ದೆ. ಹುಲಿಗಳ ಕಪಾಟಿನಲ್ಲಿರುವ ಕಪ್ಪುಗಳಲ್ಲಿ ಬಹುಪಾಲು ಅವನ ಸೊಂಟದ್ದು.

ಇಂಥವನು ಮದುವೆಯಾದದ್ದು ಮೊಸಳೆಯನ್ನು. ಆಕೆ ಸಿಟಿ ಬಸ್ಸಿನಲ್ಲಿ ಕಂಡಕ್ಟರು. ಟಿಕೆಟಿನ ಪೆಟ್ಟಿಗೆಯ ಕೀಲಿಕೈ ಕಳೆದುಕೊಂಡು ಇವನ ಅಂಗಡಿಗೆ ಬಂದಳು. ಪೆಟ್ಟಿಗೆ ತೆರೆದುಕೊಳ್ಳುವುದಕ್ಕೆ ಮುಂಚೆ ಇವನ ಎದೆ ತೆರೆದುಕೊಂಡಿತು. ಆ ಭರದಲ್ಲಿ ಹೌಸು ಕೇಳುವುದನ್ನೇ ಮರೆತ, ಮೊಸಳೆ ಎಂದು ಗೊತ್ತಾದದ್ದು ಮದುವೆಯ ದಿನ ನಿಶ್ಚಯವಾದ ಮೇಲೆ. ಕ್ರೀಡಾಕೂಟದ ದಿನ ಗಂಡ ಹೆಂಡತಿ ಮನೆಯಿಂದ ಬೇರೆ ಬೇರೆ ಬಾಗಿಲಲ್ಲಿ ಹೊರಡುತ್ತಿದ್ದರು. ಬಸ್ಸಿನ ಕೊನೆಯ ಸೀಟಿಗೆ ಮುಟ್ಟುವ ಗಂಟಲು ಆಕೆಯದು. ಆಕೆ 'ಎಳೀರೋ' ಎಂದರೆ ಪಕ್ಕದ ಊರಿನವರೂ ಕೈಗೆ ಸಿಕ್ಕಿದ್ದನ್ನು ಎಳೆಯುತ್ತಿದ್ದರು.

ಇನ್ನೊಂದು ಸಂಗತಿ. ಒಂದು ವರ್ಷ ಆಕೆ ಬೆಳಗಿನ ಪಾಳಿಗೆ ಹೋಗಿದ್ದಾಗ ಬೀಗದಣ್ಣ ತಾನೇ ಬಟ್ಟೆ ಆರಿಸಿಕೊಂಡು ಹಗ್ಗಜಗ್ಗಾಟಕ್ಕೆ ಬಂದ. ಅಪ್ಪಟ ಹಸಿರು ಅಂಗಿ. ಹುಲಿಗಳು ಮೊದಲು ಕಕ್ಕಾಬಿಕ್ಕಿಯಾದರು, ಆಮೇಲೆ ಹೊಗಳಿದರು. "ಮೊಸಳೆ ಚರ್ಮ ಸುಲಿದು ಹಾಕ್ಕೊಂಡು ಬಂದಿದ್ದಾನೆ ನೋಡ್ರೋ," ಎಂದರು. ಬೀಗದಣ್ಣ ಏನೂ ಅರ್ಥವಾಗದವನಂತೆ ನಕ್ಕ. ಅದನ್ನೂ ಜನ ವಿನಯವೆಂದು ತಿಳಿದರು.

ಕಳೆದ ವರ್ಷ ಹುಲಿಗಳ ಹಿರಿಯ ತೀರಿಕೊಂಡ. ಕುರ್ಚಿಗೆ ಇಬ್ಬರು ನಿಂತರು. ಒಬ್ಬ ಬೀಗದಣ್ಣ, ಇನ್ನೊಬ್ಬರು ಹಲ್ಲಿನ ಡಾಕ್ಟರು. ಡಾಕ್ಟರಿಗೆ ಕಾರಿತ್ತು, ಕೋಟಿತ್ತು, ಊರಿನ ಎಲ್ಲರ ಬಾಯಿಯೊಳಗಿನ ಗುಟ್ಟು ಗೊತ್ತಿತ್ತು. ಆದರೂ ಕೈ ಎತ್ತುವಾಗ ಹುಲಿಗಳು ಬೀಗದಣ್ಣನಿಗೇ ಎತ್ತಿದರು. ಆ ಸಂಜೆ ಅವನು ಅಂಗಡಿಯಲ್ಲಿ ಕೂತು ಒಂದು ಕೀಲಿಕೈಯನ್ನು ಉಜ್ಜಿದ, ಉಜ್ಜಿದ, ಅದು ಕೊನೆಗೆ ಸೂಜಿಯಾಯಿತು.

ಹೀಗೆ ಆ ದಿನ ಬಂತು. ವೇದಿಕೆಯ ಮೇಲೆ ಮಡಕೆ, ಪಕ್ಕದಲ್ಲಿ ಹುಲಿಗಳ ಕೆಂಪು ಬಾವುಟ, ಅದರ ಪಕ್ಕದಲ್ಲಿ ಕುರ್ಚಿ. ಎಡಗಡೆ ಬೆಂಚುಗಳಲ್ಲಿ ಹುಲಿಗಳು, ಬಲಗಡೆ ಮೊಸಳೆಗಳು, ಹಿಂದೆ ಗಾಳಿಯಿಲ್ಲದ ಕಡೆ ನಾವು ಕೊಕ್ಕರೆಗಳು. ಮುಖ್ಯೋಪಾಧ್ಯಾಯಿನಿಯನ್ನು ನಾವೆಲ್ಲ ದೊಡ್ಡ ಟೀಚರ್ ಎನ್ನುತ್ತೇವೆ. ಅವರು ಕತ್ತರಿ ಕೊಟ್ಟು ಹೇಳಿದರು:

"ಬಿಚ್ಚಪ್ಪಾ."

ಬೀಗದಣ್ಣ ಕೊರಳಿನ ಚೀಲ ತೆಗೆದು ಕಣ್ಣಿಗೊತ್ತಿಕೊಂಡ. ದಾರ ಕತ್ತರಿಸಿದ. ಮಣಿಯನ್ನು ಎರಡು ಬೆರಳಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದ.

ಎಲೆಹಸಿರು. ಮಳೆಯಲ್ಲಿ ತೊಳೆದಿಟ್ಟಂಥ ಹಸಿರು.

ಆಗ ಬಿದ್ದದ್ದೇ ನಾನು ಮೊದಲು ಹೇಳಿದ ಮೌನ.

"ಯಾಕೆ ಎಲ್ರೂ ಹಿಂಗೆ ನೋಡ್ತಿದ್ದೀರಾ?" ಎಂದ ಬೀಗದಣ್ಣ. "ಚಪ್ಪಾಳೆ ಹೊಡೀಬಾರ್ದಾ?"

ಮೊದಲ ಸಾಲಿನಿಂದ ಹಲ್ಲಿನ ಡಾಕ್ಟರು ಎದ್ದರು. "ಏನ್ರೀ ಅದು?"

"ಮಣಿ."

"ಯಾವ ಬಣ್ಣದ್ದು?"

"ನಮ್ಮದೇ ಬಣ್ಣದ್ದು ಡಾಕ್ಟ್ರೇ, ನೋಡಿ ಬೇಕಾದ್ರೆ." ಅವನು ಬಾವುಟದ ತುದಿ ಎಳೆದು ಅಂಗೈಮೇಲೆ ಹರಡಿ ಅದರ ಮೇಲೆ ಮಣಿಯನ್ನಿಟ್ಟು ಜನರಿಗೆ ತೋರಿಸಿದ. ರಕ್ತಗೆಂಪು ಬಟ್ಟೆ, ಅದರ ನಡುವೆ ಹಸಿರು ಮಣಿ, ಅದರ ಹಿಂದೆ ಹೆಮ್ಮೆಯಿಂದ ಅರಳಿದ ಮುಖ. "ಒಂದೇ ಅಲ್ವಾ?"

ಅವನು ತಮಾಷೆ ಮಾಡುತ್ತಿಲ್ಲ ಎಂದು ಆಗ ನಮಗೆಲ್ಲ ಒಟ್ಟಿಗೆ ಹೊಳೆಯಿತು. ಯಾರೋ ಒಬ್ಬಳು ಹುಲಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ದೊಡ್ಡ ಟೀಚರ್ ಕೈಯಲ್ಲಿದ್ದ ಕತ್ತರಿ ತಾನಾಗಿ ಎರಡು ಸಲ ಗಾಳಿ ಕತ್ತರಿಸಿತು.

"ಮೊದಲನೇ ದಿನ ನೀನು ಕೆಂಪು ಬಾವುಟಕ್ಕೆ ಹೋದದ್ದು ಹೇಗೆ?" ಎಂದು ಅವರು ಮೆಲ್ಲನೆ ಕೇಳಿದರು.

ಬೀಗದಣ್ಣ ನಗುವುದನ್ನು ನಿಲ್ಲಿಸಿದ. ಏನೋ ಸರಿಯಿಲ್ಲ ಎಂಬುದು ಅವನಿಗೂ ತಾಗತೊಡಗಿತ್ತು. "ಬಿಳೀದು ನಂದಲ್ಲ ಅಂತ ಗೊತ್ತಾಯ್ತು. ಉಳಿದ ಎರಡೂ ಒಂದೇ ಥರ ಇದ್ವು. ಒಂದರ ಹತ್ರ ನೆರಳಿತ್ತು. ಅಲ್ಲಿ ಹೋಗಿ ನಿಂತೆ."

"ನೆರಳು," ಎಂದರು ದೊಡ್ಡ ಟೀಚರ್.

"ಬಿಸಿಲು ಜಾಸ್ತಿ ಇತ್ತು ಅವತ್ತು."

ಸಭಾಂಗಣದಲ್ಲಿ ಕಲ್ಲೆಸೆದ ಜೇನುಗೂಡಿನಂತೆ ಗದ್ದಲ ಎದ್ದಿತು. ಹಲ್ಲಿನ ಡಾಕ್ಟರ ಸ್ವರ ಎಲ್ಲಕ್ಕಿಂತ ಮೇಲಿತ್ತು. "ಇಳೀರಿ ಕೆಳಗೆ. ಮೊಸಳೆ ಬಂದು ಹುಲಿ ಕುರ್ಚಿ ಮೇಲೆ ಕೂರೋದಾ? ಇಳೀರಿ ಅಂದ್ರೆ."

ಆಗ ಬಲಗಡೆಯಿಂದ ಇಸ್ತ್ರಿ ಅಜ್ಜಿ ಎದ್ದಳು. ಬಟ್ಟೆಗೆ ಇಸ್ತ್ರಿ ಹಾಕಿ ಬದುಕಿದವಳು, ಮೊಸಳೆಗಳ ಹಿರಿಯಳು. ಅವಳ ಮುಖದಲ್ಲಿ ಸುಕ್ಕುಗಳು ಎಷ್ಟಿದ್ದರೂ ಮಾತಿನಲ್ಲಿ ಒಂದೂ ಇಲ್ಲ.

"ಇಳಿಸಿ ಡಾಕ್ಟ್ರೇ, ಇಳಿಸಿ. ನಮ್ಮ ಮಗನ್ನ ನಮಗೆ ಕೊಡಿ. ಅವನ ಜೊತೆ ಕಪ್ಪೂ ಕೊಡಿ."

"ಯಾವ ಕಪ್ಪು?"

"ಅವನ ಸೊಂಟದಿಂದ ಗೆದ್ದಿದ್ದೆಲ್ಲ. ಮೊಸಳೆ ಎಳೆದ ಹಗ್ಗಕ್ಕೆ ಬಂದ ಕಪ್ಪು ಮೊಸಳೇದು. ನಾನೂ ಅಂದ್ಕೊಳ್ತಿದ್ದೆ, ಇವನೇನು ಹಿಡಿದದ್ದು ಬಿಡೋದೇ ಇಲ್ವಲ್ಲ, ಹುಲಿಗೆ ಎಲ್ಲಿಂದ ಬಂತು ಈ ಬುದ್ಧಿ ಅಂತ."

ಹುಲಿಗಳ ಗಂಟಲಿಗೆ ಬಿಸಿತುಪ್ಪ ಬಿತ್ತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಬೀಗದಣ್ಣನನ್ನು ಹೊರಗೆ ಹಾಕಿದರೆ ಕಪಾಟು ಬರಿದು. ಇಟ್ಟುಕೊಂಡರೆ ಕುರ್ಚಿಯ ಮೇಲೆ ಹಸಿರು ಮಣಿ. ಡಾಕ್ಟರು ನಿಂತಲ್ಲೇ ಬೆವರಿದರು. ಆದರೆ ಓದಿದ ತಲೆ, ಬೇಗ ತಿರುಗಿತು.

"ನೋಡಿ," ಎಂದರು, ಸ್ವರ ಈಗ ಜೇನಿನಷ್ಟು ಮೆತ್ತಗೆ. "ಇದು ಬಣ್ಣ ಬಿಟ್ಟಿರೋದು ಅಷ್ಟೆ. ಹಳೇ ಮಣಿ, ಬೆವರು, ಎದೆಯ ಶಾಖ. ನಮ್ಮ ಹಲ್ಲೇ ವಯಸ್ಸಾದ ಮೇಲೆ ಬಣ್ಣ ಬದಲಾಯಿಸಲ್ವಾ?"

"ಹಲ್ಲು ಹಳದಿ ಆಗ್ತವೆ ಡಾಕ್ಟ್ರೇ," ಎಂದಳು ಇಸ್ತ್ರಿ ಅಜ್ಜಿ, "ಹಸಿರಾಗಿದ್ದು ನಿಮ್ಮ ಆಸ್ಪತ್ರೇಲಿ ಮಾತ್ರ."

ಡಾಕ್ಟರು ಅದನ್ನು ಕೇಳಿಸಿಕೊಳ್ಳಲಿಲ್ಲ. "ಬೀಗದಣ್ಣಾ, ನೀವು ಒಂದೇ ಒಂದು ಮಾತು ಹೇಳಿ. ತೆಗೆದ ದಿನ ಮಣಿ ಕೆಂಪಿತ್ತು ಅಂತ. ಅಷ್ಟೇ ಸಾಕು. ಕುರ್ಚಿ ನಿಮ್ಮದು. ನಾನೇ ಕೂರಿಸ್ತೀನಿ ಕೈ ಹಿಡಿದು."

ಇದು ಎಂಥ ಇಕ್ಕಟ್ಟು ನೋಡಿ. ಅವನು ಆ ಮಾತು ಹೇಳಿದರೆ ಸುಳ್ಳೂ ಅಲ್ಲ. ಅವನ ಕಣ್ಣಿಗೆ ಅದು ಆಗಲೂ ಬಾವುಟದ ಬಣ್ಣವೇ, ಈಗಲೂ ಅದೇ. ಎಂಟನೆಯ ವಯಸ್ಸಿನಿಂದ ಕಾದ ಕುರ್ಚಿ ಕೈ ಚಾಚಿದಷ್ಟು ದೂರದಲ್ಲಿದೆ. ಅದರ ತೋಳಿನ ಮೇಲೆ ಅವನ ಕೈ ಆಗಲೇ ಇತ್ತು.

ಬೀಗದಣ್ಣ ಕೈ ತೆಗೆದ. ವೇದಿಕೆಯಿಂದ ಇಳಿದು ಮೊಸಳೆಗಳ ಸಾಲಿಗೆ, ತನ್ನ ಹೆಂಡತಿಯ ಹತ್ತಿರ ಹೋದ. ಆಕೆ ಡ್ಯೂಟಿಯಿಂದ ನೇರ ಬಂದಿದ್ದಳು, ಭುಜದಲ್ಲಿ ಟಿಕೆಟಿನ ಚೀಲ ಇನ್ನೂ ಇತ್ತು.

"ಹೇಳೇ. ಇದು ಯಾವ ಬಣ್ಣ?"

ಆಕೆ ಮಣಿಯನ್ನು ನೋಡಿದಳು, ಕುರ್ಚಿಯನ್ನು ನೋಡಿದಳು, ಗಂಡನನ್ನು ನೋಡಿದಳು. "ನಿಮಗೆ ಏನು ಕಾಣತ್ತೆ?"

"ಬಾವುಟದ ಥರ."

"ಯಾವ ಬಾವುಟ?"

"ಎರಡೂ."

ಆಕೆ ಬೆಂಚಿನ ಮೇಲೆ ಕುಸಿದು ಕೂತಳು. "ಅಲ್ಲ ರೀ, ಆ ಹಸಿರು ಅಂಗಿ ಹಾಕ್ಕೊಂಡು ಹೋಗಿದ್ರಲ್ಲ ಹಗ್ಗಕ್ಕೆ, ನನ್ನ ಉರಿಸೋಕೆ ಅಂತ. ಬೇಕಂತ ಅಲ್ವಾ ಅದು?"

"ಅದು ಹಸಿರಾ?"

ಇಡೀ ಸಭಾಂಗಣ ಇದನ್ನು ಕೇಳಿತು. ಹೊಗಳಿದ್ದವರೆಲ್ಲ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು.

"ನಾನು ನಿಮ್ಮ ಜೊತೆ ಎಷ್ಟು ದಿನ ಮಾತು ಬಿಟ್ಟಿದ್ದೆ ಅದಕ್ಕೆ," ಎಂದಳು ಆಕೆ. ಬಸ್ಸಿನ ಗಂಟಲು ಈಗ ಪಕ್ಕದವರಿಗೂ ಕಷ್ಟದಿಂದ ಕೇಳುವಂತಿತ್ತು. "ಒಂದು ಸಲ ಕೇಳಬಾರ್ದಿತ್ತಾ ಯಾಕೆ ಅಂತ?"

"ನೀನು ಹಾಗೇ ಸುಮ್ಮನೆ ಮಾತು ಬಿಡೋಳು, ಇದೂ ಹಾಗೇ ಅಂದ್ಕೊಂಡೆ." ಅವನು ಮಣಿಯನ್ನು ಆಕೆಯ ಅಂಗೈಯಲ್ಲಿಟ್ಟ. "ಈಗ ಹೇಳು. ನೀನು ಹೇಳಿದ್ದು ಸರಿ."

ಹಲ್ಲಿನ ಡಾಕ್ಟರು ಆಕೆಗೆ ಕಣ್ಣಲ್ಲೇ ಸನ್ನೆ ಮಾಡಿದರು. ಇಸ್ತ್ರಿ ಅಜ್ಜಿ ಕೋಲು ಕುಟ್ಟಿದಳು. ಆಕೆ ಇಬ್ಬರನ್ನೂ ನೋಡಲಿಲ್ಲ.

"ಹಸಿರು ರೀ."

"ಸ್ವಲ್ಪನಾದ್ರೂ ಕೆಂಪು..."

"ಇಲ್ಲ."

ಬೀಗದಣ್ಣ ಜನರ ಕಡೆ ತಿರುಗಿದ. ಗರಬಡಿದವನಂತೆ ಎಂದು ಬರೆಯುತ್ತಾರಲ್ಲ, ಅದನ್ನು ನಾನು ಕಣ್ಣಾರೆ ನೋಡಿದ್ದು ಆಗಲೇ. ಸಭಾಂಗಣದಲ್ಲಿ ಕೆಂಪು ಬಟ್ಟೆಯವರು, ಹಸಿರು ಬಟ್ಟೆಯವರು, ಅವನ ಕಣ್ಣು ಒಬ್ಬೊಬ್ಬರ ಮೇಲೂ ಹೋಗಿ ಬಂತು, ಏನೋ ಹುಡುಕಿತು, ಸಿಕ್ಕಲಿಲ್ಲ. "ನಿಮಗೆಲ್ಲ ಕಾಣ್ತಿತ್ತಾ ಇದು," ಎಂದ, ಯಾರಿಗೂ ಅಲ್ಲ. "ದೂರದಿಂದಾನೇ?"

 

ಅವನು ವೇದಿಕೆಗೆ ಹೋಗಿ ಮಣಿಯನ್ನು ಮಡಕೆಗೆ ಹಾಕಿದ. ಅದು ಕೆಳಗೆ ಬಿದ್ದ ಸದ್ದು ಕೊಕ್ಕರೆಗಳ ಕೊನೆಯ ಬೆಂಚಿಗೂ ಕೇಳಿಸಿತು. "ಬಣ್ಣ ಬಿಟ್ಟಿಲ್ಲ ಡಾಕ್ಟ್ರೇ. ನನಗೆ ಕಾಣದಿದ್ರೇನು, ಅವಳಿಗೆ ಕಾಣತ್ತೆ. ಸುಳ್ಳು ಹೇಳಿ ಕುರ್ಚಿ ಮೇಲೆ ಕೂತ್ರೂ ಊಟಕ್ಕೆ ಅವಳ ಎದುರೇ ಕೂರಬೇಕಲ್ಲ. ನನಗೆ ಬೇಡ ಕುರ್ಚಿ."

ಹಾಗೆಂದವನು ಬಾಗಿಲ ಕಡೆ ಹೋಗುತ್ತಾನೆಂದು ನಾವೆಲ್ಲ ದಾರಿ ಬಿಟ್ಟೆವು. ಇಸ್ತ್ರಿ ಅಜ್ಜಿ ತನ್ನ ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿಟ್ಟಳು. ಅವನು ನೇರ ಹುಲಿಗಳ ಬೆಂಚಿಗೆ ಹೋಗಿ, ತುದಿಯಲ್ಲಿ, ಕೂರಲು ಜಾಗವಿಲ್ಲದ ಕಡೆ ನಿಂತ.

"ಮೊಸಳೆ ಬೆಂಚು ಆ ಕಡೆ," ಎಂದರು ಡಾಕ್ಟರು.

"ಗೊತ್ತು."

"ಮತ್ತೆ?"

"ಅಲ್ಲಿ ಇವಳೊಬ್ಬಳನ್ನ ಬಿಟ್ರೆ ನನಗ್ಯಾರೂ ಗೊತ್ತಿಲ್ಲ. ಇಲ್ಲಿ ಒಬ್ಬೊಬ್ರೂ ಗೊತ್ತು. ನಿಮಗೆಲ್ಲ ಅಂಗಿ ನೋಡಿದ್ರೆ ಸಾಕಿತ್ತು, ಯಾರು ನಮ್ಮವರು ಅಂತ. ನಾನು ಮುಖ ನೋಡಿ ನೋಡಿ ನೆನಪಿಟ್ಕೊಂಡಿದ್ದೀನಿ. ಈ ವಯಸ್ಸಲ್ಲಿ ಇನ್ನೊಂದು ಊರಷ್ಟು ಮುಖ ಕಲಿಯೋಕೆ ಆಗಲ್ಲ ಡಾಕ್ಟ್ರೇ."

ಬೆಂಚಿನ ತುದಿಯಲ್ಲಿ ಕೂತಿದ್ದವಳು ಮರದ ಡಿಪೋದ ಯಜಮಾನಿ, ಹುಲಿ, ಆಳೂ ಮರದಷ್ಟೇ ಗಟ್ಟಿ. ಅವಳು ಡಾಕ್ಟರ ಮುಖ ನೋಡಿದಳು, ಬೀಗದಣ್ಣನ ಮುಖ ನೋಡಿದಳು. "ಸರ್ಕೊಳ್ರಪ್ಪಾ," ಎಂದು ಪಕ್ಕದವನಿಗೆ ಒಂದು ನೂಕು ಕೊಟ್ಟಳು. ಆ ನೂಕು ಒಬ್ಬರಿಂದ ಒಬ್ಬರಿಗೆ ಸಾಗಿ, ಬೆಂಚಿನ ಆ ತುದಿಯಲ್ಲಿದ್ದ ಗಡಿಯಾರ ರಿಪೇರಿಯವನು ಕಿಟಕಿಯಿಂದ ಹೊರಗೆ ಹೂಕುಂಡದಲ್ಲಿ ಬಿದ್ದ. ಬೀಗದಣ್ಣನಿಗೆ ಜಾಗವಾಯಿತು.

"ಹಾಗಾದ್ರೆ," ಎಂದರು ದೊಡ್ಡ ಟೀಚರ್, ಹಣೆ ಒರೆಸಿಕೊಳ್ಳುತ್ತ, "ಕುರ್ಚಿಗೆ ಮುಂದಿನವರು ನೀವೇ ಡಾಕ್ಟ್ರೇ. ಬನ್ನಿ, ಚೀಲ ಬಿಚ್ಚಿ."

ಡಾಕ್ಟರು ಕೋಟು ಸರಿಮಾಡಿಕೊಂಡು ಮೆಟ್ಟಿಲು ಹತ್ತಿದರು. ಒಳಜೇಬಿನಿಂದ ಚೀಲ ತೆಗೆದರು. ಕತ್ತರಿ ಹಿಡಿದರು. ಹಿಡಿದ ಕೈ ಅಲ್ಲೇ ನಿಂತಿತು. ಚೀಲವನ್ನು ಒಮ್ಮೆ ಹಿಸುಕಿ ನೋಡಿದರು, ಬೆಳಕಿಗೆ ಹಿಡಿದು ನೋಡಿದರು. ಆರನೆಯ ವಯಸ್ಸಿನಲ್ಲಿ ಒಂದೇ ಸಲ ಇಣುಕಿ ಕಂಡ ಬಣ್ಣ, ಯಾರಿಗೆ ತಾನೇ ಖಾತ್ರಿಯಾಗಿ ನೆನಪಿರುತ್ತದೆ.

"ಒಂದು ಅರ್ಜೆಂಟು ಹಲ್ಲು ಕೀಳೋದಿತ್ತು," ಎಂದರು. "ಮರ್ತೇಹೋಗಿತ್ತು."

ಅವರು ಹೋದ ರಭಸಕ್ಕೆ ಬಾಗಿಲು ಬಹಳ ಹೊತ್ತು ಬಡಿದುಕೊಂಡಿತು. ದೊಡ್ಡ ಟೀಚರ್ ಉಳಿದ ಹುಲಿಗಳ ಕಡೆ ನೋಡಿದರು. ಹುಲಿಗಳೆಲ್ಲ ತಲೆಯ ಮೇಲಿನ ಮಾಡು ನೋಡುತ್ತಿದ್ದರು. ಅಷ್ಟು ಜನ ಅಷ್ಟು ಶ್ರದ್ಧೆಯಿಂದ ಒಂದು ಮಾಡನ್ನು ನೋಡಿದ್ದು ನಾನು ಕಂಡಿಲ್ಲ. ಮೊಸಳೆಗಳೂ ಕೊರಳಿನ ಚೀಲ ತಡವಿಕೊಂಡರು. ನಮ್ಮ ಕೊಕ್ಕರೆಗಳೂ ಮೆಲ್ಲಗೆ ಜೇಬು ಮುಟ್ಟಿ ನೋಡಿಕೊಂಡರು. ನಾನಂತೂ ನನ್ನ ಚೀಲವನ್ನು ಕಿವಿಯ ಹತ್ತಿರ ಅಲ್ಲಾಡಿಸಿದೆ, ಬಣ್ಣ ಕೇಳಿಸೀತೇ ಎಂದು. ಎಂದೋ ತನ್ನ ಚೀಲ ಬಿಚ್ಚಿ ಮುಗಿಸಿದ್ದ ಇಸ್ತ್ರಿ ಅಜ್ಜಿಯೊಬ್ಬಳೇ ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದಳು.

ಕುರ್ಚಿ ಇವತ್ತಿಗೂ ಖಾಲಿ. ಕಪ್ಪುಗಳ ಜಗಳ ಮುಗಿದಿಲ್ಲ, ಮುಗಿಯುವ ಲಕ್ಷಣವೂ ಇಲ್ಲ. ಈ ವರ್ಷದ ಕ್ರೀಡಾಕೂಟದ ಮೆರವಣಿಗೆಯಲ್ಲಿ ಹುಲಿಗಳು ಖಾಲಿ ಕುರ್ಚಿಯನ್ನೇ ಮುಂದೆ ಹೊತ್ತು ನಡೆದರು. ಗಂಡ ಹೆಂಡತಿ ಹಳೆಯ ಕ್ರಮದಂತೆ ಬೇರೆ ಬೇರೆ ಬಾಗಿಲಲ್ಲಿ ಹೊರಟು ಬಂದರು; ಆದರೆ ಅವನ ಅಂಗಿಯನ್ನು ಆರಿಸಿಕೊಟ್ಟವಳು ಆಕೆಯೇ, ಕೆಂಪು. ಹಗ್ಗದ ಹತ್ತಿರ ಮೊಸಳೆಗಳು ಕರೆದರು, "ಬಾ ಮಾರಾಯ, ನಿನ್ನ ತುದಿ ಈ ಕಡೆ." ಬೀಗದಣ್ಣ ಕೇಳಿಸದವನಂತೆ ಹುಲಿಗಳ ಹಿಂದೆ ಹೋಗಿ ಸೊಂಟಕ್ಕೆ ಹಗ್ಗ ಸುತ್ತಿಕೊಂಡ. ಎದುರಿನಿಂದ ಕಂಡಕ್ಟರಮ್ಮನ ಗಂಟಲು ಎದ್ದಿತು. "ಎಳೀರೋ. ಆ ಹಿಂದಿನ ಮುದುಕನ್ನ ನೋಡ್ಕೊಂಡು ಎಳೀರೋ."

ಹುಲಿಗಳು ಸೋತರು. ಬೀಗದಣ್ಣ ಮುಖ ಅಡಿಯಾಗಿ ಬಿದ್ದು, ಎಲ್ಲರ ಹಿಂದೆ ಗೆರೆ ದಾಟಿ ಬಂದ. ಆಕೆ ಓಡಿಬಂದು ಅವನ ಮೈಯ ಮಣ್ಣು ಕೊಡವಿದಳು, ಒಳಗೆ ಉಕ್ಕುವ ಸಂತೋಷವನ್ನು ಹಲ್ಲು ಕಚ್ಚಿ ತಡೆದುಕೊಂಡು. "ಸೋತ್ರಲ್ಲ," ಎಂದಳು.

"ಸೋತ್ವಿ," ಎಂದ ಅವನು, ಅಳುವವನ ಹಾಗೆ.

ಮೊಸಳೆ ಗೆದ್ದ ದುಃಖಕ್ಕೆ ಆ ಮನುಷ್ಯ ಎಷ್ಟೋ ದಿನ ಅಂಗಡಿಯ ಬಾಗಿಲು ತೆರೆಯಲಿಲ್ಲ. ಊರಿನಲ್ಲಿ ಕೀಲಿಕೈ ಕಳೆದುಕೊಂಡ ಹುಲಿಗಳೂ ಮೊಸಳೆಗಳೂ ಮನೆಯೊಳಕ್ಕೆ ಹೋಗಲಾಗದೆ ಬೀದಿಯಲ್ಲಿ ಒಂದೇ ಜಗಲಿಯ ಮೇಲೆ ಹೆಗಲಿಗೆ ಹೆಗಲು ತಾಗಿಸಿ ಕೂತು ಅವನ ಹೆಂಡತಿಗೆ ಹೇಳಿಕಳಿಸುತ್ತಿದ್ದರು, "ಸ್ವಲ್ಪ ಸಮಾಧಾನ ಮಾಡಮ್ಮಾ ನಿನ್ನ ಗಂಡನಿಗೆ" ಎಂದು.